ಕೈ ಮೊದಲು, ಕಿವಿ ಆಮೇಲೆ, ಕಣ್ಣು ಕೊನೆಗೆ: ವೈಪ್‌ಔಟ್ ಗೇಮಿಗೆ ಮರಳುವ ದಾರಿ

ಎಲ್ಲರಿಗೂ ನಮಸ್ಕಾರ.

ಇವತ್ತು ಮಾತಾಡುವುದು ಒಂದೇ ಒಂದು ವಿಡಿಯೊ ಗೇಮ್ ಬಗ್ಗೆ, ತೇಲುವ ನೌಕೆಗಳ ರೇಸ್ ಆಡಿಸುವ ವೈಪ್‌ಔಟ್. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿದ್ದ ಸಿಗ್ನೋಸಿಸ್ ಕಂಪನಿ ಮಾಡಿದ್ದು. ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ ಯುರೋಪಿನ ಅಂಗಡಿಗಳಿಗೆ ಬಂದ ದಿನವೇ, ಅಂದರೆ 1995ರ ಸೆಪ್ಟೆಂಬರ್ 29ರಂದು, ಈ ಗೇಮ್ ಕೂಡ ಬಂತು. ಡಾಸ್ ಕಂಪ್ಯೂಟರಿಗೂ ಸೆಗಾ ಸ್ಯಾಟರ್ನ್‌ಗೂ ಬೇರೆ ಆವೃತ್ತಿಗಳಿದ್ದವು. ಆಗ ಇದನ್ನು ಆಡಿದ ಹುಡುಗ ಹುಡುಗಿಯರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ಬಹಳ ಜನ ಒಂದು ಭಾನುವಾರ ಮಧ್ಯಾಹ್ನ ಎಮ್ಯುಲೇಟರ್ (ಕಂಪ್ಯೂಟರನ್ನು ಹಳೆಯ ಗೇಮ್ ಯಂತ್ರದಂತೆ ನಡೆಸುವ ತಂತ್ರಾಂಶ) ಹಾಕಿಕೊಂಡು, ಚಿತ್ರವನ್ನು 4ಕೆಗೆ ಏರಿಸಿ, ಆಟ ಶುರು ಮಾಡುತ್ತಾರೆ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಗೋಡೆಗೆ ಗುದ್ದುತ್ತಾರೆ. "ಆಗ ಇಷ್ಟು ಕಷ್ಟ ಇರಲಿಲ್ಲವಲ್ಲ, ನಮಗೇ ವಯಸ್ಸಾಯಿತು" ಅಂತ ಮುಚ್ಚಿಡುತ್ತಾರೆ.

ತಪ್ಪು ವಯಸ್ಸಿನದ್ದಲ್ಲ ಅನ್ನುವುದೇ ಈ ಉಪನ್ಯಾಸದ ವಾದ. ಬಟನ್ ಒತ್ತಿದ್ದಕ್ಕೂ ಪರದೆಯ ಮೇಲೆ ನೌಕೆ ತಿರುಗಿದ್ದಕ್ಕೂ ನಡುವೆ ಈಗಿನ ಟಿವಿಗಳು ತಂದಿಡುವ ತಡ ಒಂದು ಕಾರಣ. ಕೈಯಲ್ಲಿರುವ ಕಂಟ್ರೋಲರ್ ಎರಡನೆಯದು. ಸಂಗೀತ ಇಲ್ಲದಿರುವುದು ಮೂರನೆಯದು. ಈ ಮೂರನ್ನೂ ಹಾಗೇ ಬಿಟ್ಟು ಚಿತ್ರವನ್ನಷ್ಟೇ ತಿದ್ದಿದರೆ ಹಳೆಯ ಗೇಮ್ ನೋಡಲು ಸಿಗುತ್ತದೆ, ಆಡಲು ಸಿಗುವುದಿಲ್ಲ. ಆದ್ದರಿಂದ ಮೊದಲು ಕೈ, ಆಮೇಲೆ ಕಿವಿ, ಕೊನೆಗೆ ಕಣ್ಣು. ಈ ಕ್ರಮ ಯಾಕೆ ಅನ್ನುವುದು ಗೇಮಿನ ಒಳಗಿನ ಕೆಲಸ ನೋಡಿದರೆ ಗೊತ್ತಾಗುತ್ತದೆ.

ಮೊದಲು ಗೇಮಿನ ಲೋಕ. ಕಥೆ ನಡೆಯುವುದು 2052ರಲ್ಲಿ. ನೆಲ ಮುಟ್ಟದೆ, ಗುರುತ್ವಕ್ಕೆ ಎದುರಾಗಿ ತೇಲುವ ನೌಕೆಗಳ ರೇಸ್ ಲೀಗು. ತಂಡಗಳು ನಾಲ್ಕು. ಎಜಿ ಸಿಸ್ಟಮ್ಸ್ ಹಗುರ, ಬೇಗ ವೇಗ ಹಿಡಿಯುತ್ತದೆ. ಆರಿಕಾಮ್ ಎಲ್ಲದರಲ್ಲೂ ಮಧ್ಯಮ. ಕೈರೆಕ್ಸ್‌ನ ನೌಕೆ ಭಾರ, ಗರಿಷ್ಠ ವೇಗ ಎಲ್ಲರಿಗಿಂತ ಹೆಚ್ಚು, ತಿರುಗುವುದು ಮಾತ್ರ ನಿಧಾನ. ಯುರೋಪಿನ ಫೈಸಾರ್ ವೇಗದಲ್ಲಿ ಹಿಂದೆ, ತಿರುವಿನಲ್ಲಿ ಮುಂದೆ. ತಂಡಕ್ಕೆ ಇಬ್ಬರು ಪೈಲಟ್‌ಗಳಂತೆ ರೇಸಿಗೆ 8 ನೌಕೆಗಳು. ಚಾಂಪಿಯನ್‌ಶಿಪ್ಪಿನಲ್ಲಿ ಮುಂದಿನ ಟ್ರ್ಯಾಕಿಗೆ ಹೋಗಬೇಕಾದರೆ ಮೊದಲ 3 ಸ್ಥಾನಗಳಲ್ಲಿ ಒಂದು ಬೇಕೇ ಬೇಕು. ವೇಗದ ವರ್ಗಗಳು ಎರಡು: ವೆನಮ್, ಅದಕ್ಕಿಂತ ವೇಗದ ರೇಪಿಯರ್. ಟ್ರ್ಯಾಕುಗಳು ಅಲ್ಟಿಮಾ 7ರಿಂದ ಶುರುವಾಗಿ ಕಾರ್ಬೋನಿಸ್ 5, ಟೆರಾಮ್ಯಾಕ್ಸ್, ಕೊರೊಡೆರಾ, ಅರಿಡೋಸ್ 4 ದಾಟಿ ಗ್ರೀನ್‌ಲ್ಯಾಂಡಿನ ಸಿಲ್ವರ್‌ಸ್ಟ್ರೀಮ್‌ವರೆಗೆ. ಏಳನೆಯದು ಫೈರ್‌ಸ್ಟಾರ್, ಅದು ಇರುವುದು ಮಂಗಳ ಗ್ರಹದ ಮೇಲೆ. ಅದನ್ನು ಗೆದ್ದೇ ತೆರೆಸಿಕೊಳ್ಳಬೇಕು.

ಈ ಲೋಕ ನಂಬುವಂತೆ ಕಂಡದ್ದಕ್ಕೆ ದೊಡ್ಡ ಕಾರಣ ಶೆಫೀಲ್ಡ್‌ನ ದಿ ಡಿಸೈನರ್ಸ್ ರಿಪಬ್ಲಿಕ್ ಎಂಬ ವಿನ್ಯಾಸ ಸಂಸ್ಥೆ. ತಂಡಗಳ ಲಾಂಛನ, ಅಕ್ಷರದ ಶೈಲಿ, ಡಬ್ಬಿಯ ಮುಖಪುಟ ಎಲ್ಲ ಅವರದು. ಆವರೆಗೆ ಗೇಮಿನ ಡಬ್ಬಿ ಅಂದರೆ ಸ್ಫೋಟ, ಕತ್ತಿ, ಹಲ್ಲು ಕಿರಿಯುವ ಮುಖ. ಇವರು ಭವಿಷ್ಯದ ಕಂಪನಿಗಳ ಜಾಹೀರಾತಿನಂತೆ ಬಿಡಿಸಿದರು. ಟ್ರ್ಯಾಕಿನ ಪಕ್ಕದ ಫಲಕಗಳಲ್ಲಿ ಅದೇ ಲಾಂಛನಗಳು ಸರಸರ ಸರಿದುಹೋಗುತ್ತವೆ. ಓದಲು ಸಮಯ ಸಿಗುವುದಿಲ್ಲ, ಆದರೆ ಆ ಲೋಕದಲ್ಲಿ ಹಣ, ಪ್ರಾಯೋಜಕರು, ಪೈಪೋಟಿ ಎಲ್ಲ ಇದೆ ಅಂತ ಮನಸ್ಸಿಗೆ ತಿಳಿಯುತ್ತದೆ. ವೈಜ್ಞಾನಿಕ ಕಲ್ಪನೆಯನ್ನು ಒಂದು ವಾಕ್ಯ ಸಂಭಾಷಣೆಯಿಲ್ಲದೆ ಹೀಗೆ ಕಟ್ಟಿದ ಗೇಮ್‌ಗಳು ಆಗ ತೀರಾ ಕಡಿಮೆ ಇದ್ದವು.

ಇನ್ನು ಗೋಡೆ. ಮೊದಲ ವೈಪ್‌ಔಟ್‌ನಲ್ಲಿ ನೌಕೆ ಒಡೆಯುವುದಿಲ್ಲ, ಬದಲಿಗೆ ನಿಲ್ಲುತ್ತದೆ. ಗೋಡೆಗೆ ಮೂತಿ ತಾಗಿದರೆ ವೇಗ ಪೂರ್ತಿ ಹೋಗುತ್ತದೆ. ಮತ್ತೆ ವೇಗ ಕಟ್ಟುವಷ್ಟರಲ್ಲಿ ಮೂರು ನೌಕೆ ಮುಂದೆ ಹೋಗಿರುತ್ತವೆ. 1996ರ ವೈಪ್‌ಔಟ್ 2097ರಲ್ಲಿ ಇದನ್ನು ಮೆದುಗೊಳಿಸಿದರು. ಅಲ್ಲಿ ಗೋಡೆಗೆ ಒರೆಸಿಕೊಂಡು ಮುಂದುವರಿಯಬಹುದು, ಬದಲಿಗೆ ನೌಕೆಯ ಶಕ್ತಿ ಇಳಿಯುತ್ತದೆ, ಟ್ರ್ಯಾಕಿನ ಪಕ್ಕದ ಪಿಟ್‌ಗೆ ಹೋಗಿ ತುಂಬಿಸಿಕೊಳ್ಳಬೇಕು. ಎರಡನೆಯ ಗೇಮನ್ನು ಹೆಚ್ಚು ಆಡಿದವರ ಕೈಗೆ ಆ ಕ್ಷಮೆಯೇ ನೆನಪಿರುತ್ತದೆ. ಅವರು ಮೊದಲನೆಯದಕ್ಕೆ ಮರಳಿದಾಗ "ಇದರಲ್ಲಿ ಏನೋ ಕೆಟ್ಟಿದೆ" ಅನ್ನಿಸುವುದು ಸಹಜ. ಕೆಟ್ಟಿಲ್ಲ, ಇದು ಕಟ್ಟುನಿಟ್ಟು.

ಹಾಗಾದರೆ ತಿರುಗುವುದು ಹೇಗೆ? ಇಲ್ಲೇ ಏರ್‌ಬ್ರೇಕ್ ಬರುವುದು. ಕಂಟ್ರೋಲರಿನ ಭುಜದ ಬಟನ್‌ಗಳಲ್ಲಿ ಎಡಕ್ಕೊಂದು, ಬಲಕ್ಕೊಂದು. ಹೆಸರಿನಲ್ಲಿ ಬ್ರೇಕ್ ಇದೆ ಅಂತ ಇದನ್ನು ಕಾರಿನ ಬ್ರೇಕಿನಂತೆ ಒತ್ತುವುದೇ ಮೊದಲ ತಪ್ಪು. ಎರಡನ್ನೂ ಒಟ್ಟಿಗೆ ಒತ್ತಿದರೆ ವೇಗ ತಗ್ಗುತ್ತದೆ, ನಿಜ. ಒಂದನ್ನೇ ಒತ್ತಿದರೆ ಆ ಬದಿಯ ರೆಕ್ಕೆಗೆ ಗಾಳಿಯ ತಡೆ ಹೆಚ್ಚಿದಂತಾಗಿ ಮೂತಿ ಅತ್ತ ಎಳೆಯುತ್ತದೆ. ಹುಟ್ಟುಗೋಲನ್ನು ಒಂದೇ ಬದಿಗೆ ನೀರಲ್ಲಿ ಊರಿದರೆ ತೆಪ್ಪ ಆ ಕಡೆ ತಿರುಗುವ ಹಾಗೆ.

ಒಂದು ಬಲ ತಿರುವನ್ನು ನಿಧಾನವಾಗಿ ನೋಡೋಣ. ತಿರುವು ಕಣ್ಣಿಗೆ ಬಿದ್ದ ಕೂಡಲೇ ನೌಕೆಯನ್ನು ಟ್ರ್ಯಾಕಿನ ಎಡ ಅಂಚಿಗೆ ಸರಿಸಿ. ತಿರುವು ಶುರುವಾಗುವ ಸ್ವಲ್ಪ ಮೊದಲೇ ಬಲ ಬಾಣದ ಬಟನ್ ಒತ್ತಿ. ನೌಕೆ ತೇಲುವ ವಸ್ತು, ಹೇಳಿದ ತಕ್ಷಣ ದಿಕ್ಕು ಬದಲಿಸುವುದಿಲ್ಲ. ಮೂತಿ ತಿರುಗಿದ ಮೇಲೂ ಮೈ ಹಳೆಯ ದಿಕ್ಕಿಗೆ ಜಾರುತ್ತಿರುತ್ತದೆ. ಮೂತಿ ತಿರುಗಲು ಶುರುವಾದಾಗ ಬಲ ಏರ್‌ಬ್ರೇಕ್ ಒತ್ತಿ, ಸುಮಾರು ಅರ್ಧ ಸೆಕೆಂಡು ಹಿಡಿಯಿರಿ. ತಿರುವಿನ ಒಳ ಅಂಚು ಪಕ್ಕಕ್ಕೆ ಬರುವ ಮೊದಲೇ ಬಿಟ್ಟುಬಿಡಿ. ವೇಗದ ಬಟನ್ ಬಿಡುವ ಅಗತ್ಯ ಹಿಂದಕ್ಕೇ ತಿರುಗಿ ಬರುವಂಥ ಕಡಿದಾದ ತಿರುವಿನಲ್ಲಿ ಮಾತ್ರ. ಏರ್‌ಬ್ರೇಕನ್ನು ತಡವಾಗಿ ಒತ್ತಿದರೆ ಹೊರಗೋಡೆಗೆ ಬಾಲ ತಾಗುತ್ತದೆ. ಹೆಚ್ಚು ಹೊತ್ತು ಹಿಡಿದರೆ ಮೂತಿ ಒಳಗೋಡೆಗೆ ತಾಗುತ್ತದೆ. ಒಳಗೋಡೆಗೆ ಗುದ್ದುತ್ತಿದ್ದೀರಿ ಅಂದರೆ ಬಟನ್ ಬಿಡುವುದು ತಡವಾಗುತ್ತಿದೆ, ಹೊರಗೋಡೆಗೆ ಗುದ್ದುತ್ತಿದ್ದೀರಿ ಅಂದರೆ ಒತ್ತುವುದು ತಡವಾಗುತ್ತಿದೆ. ಈ ಒಂದು ಲೆಕ್ಕ ಇಟ್ಟುಕೊಂಡರೆ ನಿಮ್ಮ ತಪ್ಪನ್ನು ನೀವೇ ಗುರುತಿಸಬಹುದು.

ಈಗ ಆ ಅರ್ಧ ಸೆಕೆಂಡಿನ ಲೆಕ್ಕ ಹಾಕಿ. ಅಮೆರಿಕದ ಆವೃತ್ತಿ ಸೆಕೆಂಡಿಗೆ 30 ಚಿತ್ರ ತೋರಿಸುತ್ತದೆ, ಅಂದರೆ ಅರ್ಧ ಸೆಕೆಂಡಿಗೆ 15 ಚಿತ್ರ. ಟಿವಿ 100 ಮಿಲಿಸೆಕೆಂಡು ತಡ ಮಾಡಿದರೆ ಅದರಲ್ಲಿ 3 ಚಿತ್ರ ಹೋಯಿತು. ನೀವು ನೋಡುತ್ತಿರುವ ನೌಕೆ ನಿಜವಾದ ನೌಕೆಗಿಂತ ಮೂರು ಚಿತ್ರ ಹಿಂದಿದೆ. ತಿರುವು ಕಂಡು ಒತ್ತಿದ ಬಟನ್ ಗೇಮಿನ ಪಾಲಿಗೆ ಆಗಲೇ ತಡ. ಹಳೆಯ ದಪ್ಪ ಟಿವಿಯಲ್ಲಿ ಈ ತಡ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಚಿಕ್ಕಂದಿನ ಕೈ ಕಲಿತದ್ದು ಆ ಟಿವಿಯ ಮುಂದೆ.

ಮೂತಿಯ ಏರಿಳಿತವನ್ನು ಬಹಳ ಜನ ಬಳಸುವುದೇ ಇಲ್ಲ. ಕೆಳ ಬಾಣ ಒತ್ತಿದರೆ ಮೂತಿ ಏಳುತ್ತದೆ, ಮೇಲಿನ ಬಾಣಕ್ಕೆ ಇಳಿಯುತ್ತದೆ. ಗುಡ್ಡದ ತುದಿಯಿಂದ ನೌಕೆ ಹಾರುವಾಗ ಮೂತಿ ಎತ್ತಿ ಹಿಡಿಯಿರಿ. ಇಲ್ಲದಿದ್ದರೆ ಇಳಿಯುವಾಗ ಮೂತಿ ನೆಲಕ್ಕೆ ಬಡಿದು, ಹಾರಿ ಗಳಿಸಿದ ವೇಗ ಅಲ್ಲೇ ಮುಗಿಯುತ್ತದೆ. ಏರು ಶುರುವಾಗುವ ಜಾಗದಲ್ಲೂ ಹಾಗೆಯೇ.

ರೇಸ್ ಶುರುವಾಗುವಾಗಿನ ಗುಟ್ಟು ಇನ್ನೊಂದು. ಎಣಿಕೆ ನಡೆಯುತ್ತಿರುವಾಗ ವೇಗದ ಬಟನ್ ಒತ್ತಿದರೆ ಎಂಜಿನ್ನಿನ ಪಟ್ಟಿ ಏರುತ್ತದೆ. ಹಸಿರು ಬಂದ ಕ್ಷಣಕ್ಕೆ ಆ ಪಟ್ಟಿ ಒಂದು ಕಿರಿದಾದ ಮಿತಿಯೊಳಗೆ ಇದ್ದರೆ ನೌಕೆ ಚಿಮ್ಮುತ್ತದೆ. ಮಿತಿಗಿಂತ ಕಡಿಮೆ ಇದ್ದರೆ ಸಾಮಾನ್ಯ ಆರಂಭ. ಮಿತಿ ದಾಟಿದ್ದರೆ ಎಂಜಿನ್ ಉಸಿರುಗಟ್ಟಿ ನೌಕೆ ತೆವಳುತ್ತದೆ. ಗಾಬರಿಯಲ್ಲಿ ಬಟನ್ ಪೂರ್ತಿ ಒತ್ತಿ ಹಿಡಿಯುವವರು ಪ್ರತಿ ಸಲವೂ ಕೊನೆಯ ಸ್ಥಾನಕ್ಕೆ ಬೀಳುವುದು ಇದರಿಂದಲೇ. ಬಟನ್ ಒತ್ತಿ, ಬಿಟ್ಟು, ಮತ್ತೆ ಒತ್ತಿ ಪಟ್ಟಿಯನ್ನು ಮಿತಿಯ ಹತ್ತಿರ ಆಡಿಸುತ್ತಿರಬೇಕು.

ಎದುರಾಳಿಗಳ ಬಗ್ಗೆ ಒಂದು ಮಾತು. ಕಂಪ್ಯೂಟರ್ ಓಡಿಸುವ ನೌಕೆಗಳು ನಿಮ್ಮಂತೆ ಜಾರುವುದಿಲ್ಲ. ಅವು ಟ್ರ್ಯಾಕಿನ ನಡುಗೆರೆಯ ಆಚೀಚೆ ಒಂದು ದಾರಿ ಹಿಡಿದು ಸಾಗುತ್ತವೆ. ನೀವು ಎಷ್ಟು ಮುಂದೆ ಅಥವಾ ಹಿಂದೆ ಇದ್ದೀರಿ ಅನ್ನುವುದರ ಮೇಲೆ ಅವುಗಳ ವೇಗವೂ ನಡವಳಿಕೆಯೂ ಬದಲಾಗುತ್ತದೆ. ಆದ್ದರಿಂದ ಅವುಗಳನ್ನು ಗುದ್ದಿ ದಾಟುವ ಪ್ರಯತ್ನ ನಷ್ಟದ ವ್ಯಾಪಾರ, ವೇಗ ಹೋಗುವುದು ನಿಮ್ಮದೇ. ಕಿರಿದಾದ ಜಾಗದಲ್ಲಿ ಕಾದು, ಅಗಲವಾದಲ್ಲಿ ದಾಟಿ. ಕ್ಷಿಪಣಿ, ಮೈನು, ಶೀಲ್ಡ್, ಟರ್ಬೊ ಇವುಗಳಲ್ಲಿ ಹೊಸಬರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಟರ್ಬೊ. ಅದನ್ನು ನೇರ ದಾರಿಯಲ್ಲಿ, ತಿರುವು ಮುಗಿದ ಮೇಲೆ ಬಳಸಬೇಕು. ತಿರುವಿನೊಳಗೆ ಹಾಕಿದರೆ ಗೋಡೆಗೆ ವೇಗವಾಗಿ ತಲುಪಿಸುತ್ತದೆ, ಅಷ್ಟೇ.

ಈಗ ಕಿವಿಗೆ ಬರೋಣ. ವಿನ್ಯಾಸಕ ನಿಕ್ ಬರ್ಕೋಂಬ್ ಈ ಗೇಮಿನ ಮೂಲವನ್ನು ಸಂದರ್ಶನಗಳಲ್ಲಿ ಹೇಳಿದ್ದಾರೆ. ಸೂಪರ್ ಮಾರಿಯೋ ಕಾರ್ಟ್ ಎಂಬ ರೇಸ್ ಗೇಮ್ ಆಡುವಾಗ ಅದರ ಶಬ್ದ ಆರಿಸಿ ತಮ್ಮ ಟೆಕ್ನೋ ಸಂಗೀತ ಹಾಕಿಕೊಂಡಿದ್ದರು, ಅದರ ಲಯದಲ್ಲಿ ಕೈ ಬೇರೆಯೇ ರೀತಿ ಓಡಿತು. ಅಂದರೆ ಈ ಗೇಮಿನಲ್ಲಿ ಸಂಗೀತ ಶುರುವಿನಿಂದಲೇ ಆಟದ ಒಂದು ಭಾಗ. ಹೆಚ್ಚಿನ ಹಾಡುಗಳು ಟಿಮ್ ರೈಟ್ ಅವರದು, ಕೋಲ್ಡ್ ಸ್ಟೋರೇಜ್ ಎಂಬ ಹೆಸರಿನಲ್ಲಿ. ಯುರೋಪಿನ ಪ್ಲೇಸ್ಟೇಷನ್ ಡಿಸ್ಕಿನಲ್ಲಿ ಆರ್ಬಿಟಲ್, ಲೆಫ್ಟ್‌ಫೀಲ್ಡ್, ಕೆಮಿಕಲ್ ಬ್ರದರ್ಸ್ ಹಾಡುಗಳೂ ಇದ್ದವು. ಅಮೆರಿಕದ ಡಿಸ್ಕಿನಲ್ಲಿ ಅವು ಇಲ್ಲ. ನಿಮ್ಮ ನೆನಪಿನ ಹಾಡು ಸಿಗದಿದ್ದರೆ ಮೊದಲು ಡಿಸ್ಕ್ ಯಾವ ದೇಶದ್ದು ನೋಡಿ.

ಈ ಸಂಗೀತ ಡಿಸ್ಕಿನಲ್ಲಿ ಕೂತಿರುವ ರೀತಿ ಮುಖ್ಯ. ಡಿಸ್ಕಿನ ಮೊದಲ ಟ್ರ್ಯಾಕಿನಲ್ಲಿ ಗೇಮಿನ ದತ್ತಾಂಶ, ಉಳಿದವು ಸಾಮಾನ್ಯ ಆಡಿಯೋ ಸಿ.ಡಿ.ಯಲ್ಲಿರುವಂಥ ಹಾಡಿನ ಟ್ರ್ಯಾಕುಗಳು. ರೇಸ್ ಶುರುವಾಗುವ ಮೊದಲು ಆ ರೇಸಿಗೆ ಬೇಕಾದ್ದೆಲ್ಲ ಪ್ಲೇಸ್ಟೇಷನ್ನಿನ 2 ಎಂಬಿ ಮೆಮೊರಿಗೆ ಮತ್ತು 1 ಎಂಬಿ ಚಿತ್ರದ ಮೆಮೊರಿಗೆ ಬಂದುಬಿಡುತ್ತದೆ. ಆಮೇಲೆ ಡ್ರೈವಿಗೆ ಬೇರೆ ಕೆಲಸವಿಲ್ಲ, ಹಾಡು ಹಾಡುತ್ತಾ ಕೂರುತ್ತದೆ. ಇದರಿಂದ ಎರಡು ಫಲ. ಹಳೆಯ ಯಂತ್ರದಲ್ಲಿ ಡಿಸ್ಕ್ ಓದುವ ಲೇಸರ್ ಸೋತಿದ್ದರೆ ರೇಸ್ ಸಲೀಸಾಗಿ ಓಡುತ್ತಲೇ ಹಾಡು ಮಾತ್ರ ತೊದಲುತ್ತದೆ. ಹಾಡೇ ಲೇಸರಿನ ನಾಡಿ ಅಂದುಕೊಳ್ಳಿ. ಎರಡನೆಯದು, ಡಿಸ್ಕನ್ನು ಒಂದೇ ಐಎಸ್‌ಒ ಕಡತವಾಗಿ ನಕಲು ಮಾಡಿದರೆ ಮೊದಲ ಟ್ರ್ಯಾಕ್ ಮಾತ್ರ ಬರುತ್ತದೆ. ಗೇಮ್ ಆಡುತ್ತದೆ, ಸಂಗೀತ ಇರುವುದಿಲ್ಲ. ಬಿನ್ ಮತ್ತು ಕ್ಯೂ ಎಂಬ ಜೋಡಿ ಕಡತಗಳಾಗಿ ನಕಲು ತೆಗೆಯಬೇಕು. ಬೇಕಿದ್ದರೆ ಸಿಎಚ್‌ಡಿಮ್ಯಾನ್ ಎಂಬ ಉಪಕರಣದಿಂದ ಅದನ್ನು ಒಂದೇ ಸಿಎಚ್‌ಡಿ ಕಡತವಾಗಿ ಕುಗ್ಗಿಸಬಹುದು, ಹಾಡುಗಳು ಹಾಗೇ ಉಳಿಯುತ್ತವೆ.

ಕಂಪ್ಯೂಟರಿನಲ್ಲಿ ಆಡಿದವರಿಗೆ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಬಂದಿರಬಹುದು. ಆ ಕಾಲದಲ್ಲಿ ಸಿ.ಡಿ. ಡ್ರೈವಿನ ಹಿಂಭಾಗದಿಂದ ಸೌಂಡ್ ಕಾರ್ಡಿಗೆ ಒಂದು ತೆಳ್ಳಗಿನ ಆಡಿಯೋ ತಂತಿ ಹೋಗಬೇಕಿತ್ತು. ಜೋಡಿಸಿಕೊಟ್ಟವರು ಅದನ್ನು ಹಾಕದೆ ಬಿಟ್ಟರೆ ಎಂಜಿನ್ ಶಬ್ದ ಕೇಳುತ್ತದೆ, ಹಾಡು ಕೇಳುವುದಿಲ್ಲ. ಕಡತಗಳನ್ನಷ್ಟೇ ಹಾರ್ಡ್ ಡಿಸ್ಕಿಗೆ ಎಳೆದುಕೊಂಡ ನಕಲುಗಳಲ್ಲೂ ಅದೇ ಗತಿ. ವೈಪ್‌ಔಟ್‌ನಲ್ಲಿ ಸಂಗೀತವೇ ಇರಲಿಲ್ಲ ಅಂದುಕೊಂಡೇ ಬೆಳೆದವರಿಗೆ ಈಗ ಮರಳುವುದರಲ್ಲಿ ಎಲ್ಲರಿಗಿಂತ ಹೆಚ್ಚು ಲಾಭ.

ಕಣ್ಣಿನ ವಿಷಯ ಕೊನೆಯದಾದರೂ ಕುತೂಹಲದ್ದು. ಪ್ಲೇಸ್ಟೇಷನ್ನಿನ ಚಿತ್ರ ಯಾಕೆ ನಡುಗುತ್ತದೆ? ಅದರ ಪ್ರೊಸೆಸರ್ ಸುಮಾರು 33.87 ಮೆಗಾಹರ್ಟ್ಸ್‌ನದು, ದಶಮಾಂಶ ಲೆಕ್ಕಕ್ಕೆ ಬೇರೆ ಘಟಕವಿಲ್ಲ. ಮೂರು ಆಯಾಮದ ಬಿಂದುವನ್ನು ಪರದೆಯ ಮೇಲೆ ಇಡುವಾಗ ಅದು ಪೂರ್ಣಾಂಕದ ಪಿಕ್ಸೆಲಿಗೆ ಜಿಗಿಯುತ್ತದೆ, ಎರಡು ಪಿಕ್ಸೆಲಿನ ನಡುವೆ ನಿಲ್ಲಲಾರದು. ಆದ್ದರಿಂದ ನಿಧಾನವಾಗಿ ಸರಿಯುವ ಅಂಚು ನಡುಗುತ್ತದೆ. ಅದರ ಜೊತೆಗೆ ಮೇಲ್ಮೈಗೆ ಚಿತ್ರ ಹೊದಿಸುವಾಗ ದೂರದ ಲೆಕ್ಕ ಇಡುವುದಿಲ್ಲ. ಹತ್ತಿರದ ದೊಡ್ಡ ಚೌಕದ ಮೇಲಿನ ಗೆರೆಗಳು ಮುರಿದಂತೆ ಬಾಗುತ್ತವೆ.

ರೇಸಿನಲ್ಲಿ ಕಣ್ಣೆದುರು ಯಾವಾಗಲೂ ಇರುವುದು ಟ್ರ್ಯಾಕು, ಅದೇ ಬಾಗಿದರೆ ಆಡುವುದು ಹೇಗೆ? ಸಿಗ್ನೋಸಿಸ್‌ನವರು ಮಾಡಿದ ಉಪಾಯ ಅಂದವಾದದ್ದು. ಟ್ರ್ಯಾಕಿನ ಒಂದು ಚೌಕಕ್ಕೆ ಮೂರು ಬಗೆಯ ಚಿತ್ರ ಇಟ್ಟರು. ದೂರದಲ್ಲಿದ್ದರೆ 32x32 ಪಿಕ್ಸೆಲಿನ ಒಂದೇ ತುಂಡು. ನಡುವಿನ ದೂರಕ್ಕೆ ಅಂಥ 4 ತುಂಡು. ಹತ್ತಿರ ಬಂದರೆ 16 ತುಂಡು, ನಾಲ್ಕು ಸಾಲು ನಾಲ್ಕು ಕಂಬ, ಒಟ್ಟು 128x128. ಚೌಕ ಚಿಕ್ಕದಾದಷ್ಟೂ ಬಾಗುವುದು ಕಡಿಮೆ. ಹತ್ತಿರದ ನೆಲ ಚೂಪಾಗಿಯೂ ನೇರವಾಗಿಯೂ ಕಾಣುವುದು ಇದರಿಂದ. ಸೋಮಾರಿಯಾಗಿ ನೋಡಿದರೆ ಬೂದು ಡಾಂಬರು, ಹತ್ತಿರದಿಂದ ನೋಡಿದರೆ ಹದಿನಾರು ಹೆಂಚು ಜೋಡಿಸಿದ ನೆಲಗೆಲಸ. ಆ ಚೌಕಗಳಿಗೇ ಗುರುತು ಅಂಟಿಸಿ ಇದು ವೇಗ ಕೊಡುವ ಪಟ್ಟಿ, ಇದು ಆಯುಧ ಕೊಡುವ ಪಟ್ಟಿ ಅಂತ ಗೇಮಿಗೆ ತಿಳಿಸಿದರು. ಆದ್ದರಿಂದಲೇ ಪಟ್ಟಿಯ ಅಂಚಿನಲ್ಲಿ ಹೋದರೆ ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ನೌಕೆಯ ಕೆಳಗೆ ಆ ಕ್ಷಣಕ್ಕೆ ಯಾವ ಚೌಕ ಇದೆ ಅನ್ನುವುದೇ ಲೆಕ್ಕ. ಪಟ್ಟಿಯ ನಡುವೆ ಹಾಯಿರಿ.

ಇನ್ನು ಆಡುವ ಮೂರು ದಾರಿಗಳು.

ಮೊದಲನೆಯದು ಮೂಲ ಯಂತ್ರ. ಅಮೆರಿಕದಲ್ಲಿರುವ ನೆಂಟರ ಅಟ್ಟದಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ ಬಂದ ಪ್ಲೇಸ್ಟೇಷನ್ನನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಬೇಡಿ. ಅದು 120 ವೋಲ್ಟಿನದು, ಜಪಾನಿನದು 100 ವೋಲ್ಟಿನದು. ನಮ್ಮ 230 ವೋಲ್ಟಿಗೆ ಅದರ ವಿದ್ಯುತ್ ಭಾಗ ಸುಟ್ಟೇ ಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಈ ಯಂತ್ರ ಎಳೆಯುವ ವಿದ್ಯುತ್ ತೀರಾ ಕಡಿಮೆ, 50 ವಿಎ ಸಾಮರ್ಥ್ಯದ ಚಿಕ್ಕದು ಧಾರಾಳ ಸಾಕು. ಯುರೋಪಿನ ಯಂತ್ರಕ್ಕೆ ಈ ತೊಂದರೆ ಇಲ್ಲ. ಇನ್ನೊಂದು, ಅಮೆರಿಕದ ಯಂತ್ರದ ಚಿತ್ರ ಎನ್‌ಟಿಎಸ್‌ಸಿ ಪದ್ಧತಿಯದು. ಭಾರತದ ಟಿವಿ ಪದ್ಧತಿಯಾದ ಪಾಲ್ ಮಾತ್ರ ತಿಳಿದ ಹಳೆಯ ಭಾರತೀಯ ಟಿವಿಯಲ್ಲಿ ಅದು ಕಪ್ಪುಬಿಳುಪಾಗಿ ಕಾಣುತ್ತದೆ. ಯಂತ್ರ ಕೆಟ್ಟಿದೆ ಅಂತ ಬಿಚ್ಚಬೇಡಿ.

ಮೊದಲ ಮಾದರಿಗಳಲ್ಲಿ ಲೇಸರ್ ಜಾರುವ ಹಳಿ ಪ್ಲಾಸ್ಟಿಕ್ಕಿನದು, ವಿದ್ಯುತ್ ಭಾಗದ ಬಿಸಿಯೂ ಅದಕ್ಕೆ ತಗಲುತ್ತದೆ. ಸವೆದಂತೆ ಲೇಸರ್ ವಾಲುತ್ತದೆ. ಯಂತ್ರವನ್ನು ತಲೆಕೆಳಗಾಗಿಟ್ಟು ಆಡುತ್ತಿದ್ದ ಹಳೆಯ ಉಪಾಯ ಕೆಲಸ ಮಾಡುತ್ತಿದ್ದದ್ದು ಆ ವಾಲಿಕೆ ಇನ್ನೊಂದು ಕಡೆಗೆ ಬೀಳುತ್ತಿದ್ದದ್ದರಿಂದ. ಮೊದಲು ಐಸೋಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯ ಕಡ್ಡಿಯಿಂದ ಮಸೂರವನ್ನು ಒತ್ತಡ ಹಾಕದೆ ಒರೆಸಿ, ಹಳಿಗೆ ಬಿಳಿ ಲಿಥಿಯಮ್ ಗ್ರೀಸ್ ಅಕ್ಕಿಕಾಳಿನಷ್ಟು ಹಚ್ಚಿ. ಆಗಲಿಲ್ಲವೆಂದರೆ ಕೆಎಸ್‌ಎಂ-440 ಸರಣಿಯ ಲೇಸರ್ ಬದಲಿಸಬೇಕು. ನಿಮ್ಮ ಮಾದರಿಗೆ ಸರಿಹೊಂದುವ ಉಪಸಂಖ್ಯೆ ನೋಡಿಯೇ ಕೊಳ್ಳಿ. ಹೊಸ ಲೇಸರಿನಲ್ಲಿ ಸ್ಥಿರ ವಿದ್ಯುತ್ತಿನಿಂದ ಕಾಪಾಡಲು ಒಂದು ಚಿಕ್ಕ ಬೆಸುಗೆಯ ಚುಕ್ಕೆ ಇರುತ್ತದೆ. ಜೋಡಿಸಿದ ಮೇಲೆ ಅದನ್ನು ಕಾಯಿಸಿ ತೆಗೆಯದಿದ್ದರೆ ಹೊಸ ಲೇಸರ್ ಕೂಡ ಡಿಸ್ಕ್ ಓದುವುದಿಲ್ಲ. ಹೊಸದೇ ಕೆಟ್ಟದ್ದು ಬಂತು ಅಂತ ವಾಪಸ್ ಕಳಿಸುವ ಮೊದಲು ಈ ಚುಕ್ಕೆ ನೋಡಿ.

ಟಿವಿ ಹಳೆಯ ದಪ್ಪನೆಯದಾದರೆ ಕೆಲಸ ಮುಗಿಯಿತು. ಈಗಿನ ಟಿವಿಗೆ ಹಾಕುವುದಾದರೆ ಅಗ್ಗದ ಎಚ್‌ಡಿಎಂಐ ಪರಿವರ್ತಕ ಡಬ್ಬಿಗಳನ್ನು ನಂಬಬೇಡಿ. ಪ್ಲೇಸ್ಟೇಷನ್ ಕಳಿಸುವುದು 240 ಗೆರೆಗಳ ಪೂರ್ಣ ಚಿತ್ರ. ಆ ಡಬ್ಬಿಗಳು ಅದನ್ನು 480 ಗೆರೆಗಳ ಅರ್ಧರ್ಧ ಚಿತ್ರ ಎಂದು ತಪ್ಪು ತಿಳಿದು ಬೆಸೆಯಲು ಹೋಗುತ್ತವೆ. ಚಿತ್ರವೂ ಮಸುಕು, ಮೇಲಿಂದ ತಡ ಬೇರೆ. ರೆಟ್ರೋಟಿಂಕ್‌ನಂಥ, ಗೆರೆಗಳನ್ನು ಇದ್ದಂತೆಯೇ ಹಿಗ್ಗಿಸುವ ಸಾಧನ ಬೇಕು. ಟಿವಿಯಲ್ಲಿ ತಡ ತಗ್ಗಿಸುವ ಗೇಮ್ ಮೋಡ್ ಹಾಕಲೇಬೇಕು.

ಎರಡನೆಯ ದಾರಿ ಎಮ್ಯುಲೇಟರ್. ಡಕ್‌ಸ್ಟೇಷನ್ ಈ ಕೆಲಸಕ್ಕೆ ಚೆನ್ನಾಗಿದೆ. ನಿಮ್ಮ ಯಂತ್ರದ 512 ಕೆಬಿ ಬಯಾಸ್ ಕಡತ (ಯಂತ್ರವನ್ನು ಚಾಲೂ ಮಾಡುವ ತಂತ್ರಾಂಶ) ಬೇಕು, ಡಿಸ್ಕ್ ಯಾವ ಪ್ರದೇಶದ್ದೋ ಅದೇ ಪ್ರದೇಶದ್ದು. ಅದರಲ್ಲಿ ಮೊದಲು ಮುಟ್ಟಬೇಕಾದದ್ದು ಕಂಟ್ರೋಲರಿನ ಆಯ್ಕೆ. ಈ ಗೇಮ್ ಬಂದಾಗ ಪ್ಲೇಸ್ಟೇಷನ್ನಿಗೆ ಹೆಬ್ಬೆರಳಿನಿಂದ ಆಡಿಸುವ ಕಡ್ಡಿ ಇರುವ ಕಂಟ್ರೋಲರ್ ಇರಲಿಲ್ಲ, ಅಂಥ ಡ್ಯುಯಲ್‌ಶಾಕ್ ಬಂದದ್ದು 1997ರಲ್ಲಿ. ಆದರೆ ನಾಮ್ಕೊ ಕಂಪನಿಯ ನೆಗ್‌ಕಾನ್ ಎಂಬ, ನಡುವೆ ತಿರುಚುವ ಕಂಟ್ರೋಲರನ್ನು ವೈಪ್‌ಔಟ್ ಗುರುತಿಸುತ್ತದೆ. ತಿರುಚಿದಷ್ಟೇ ತಿರುಗುವ ನೌಕೆ! ಎಮ್ಯುಲೇಟರಿನಲ್ಲಿ ಕಂಟ್ರೋಲರ್ ಬಗೆಯನ್ನು ನೆಗ್‌ಕಾನ್ ಎಂದು ಬದಲಿಸಿ, ಅದರ ತಿರುಚುವಿಕೆಗೆ ನಿಮ್ಮ ಎಡ ಕಡ್ಡಿಯ ಅಡ್ಡ ಚಲನೆಯನ್ನು ಜೋಡಿಸಿ. ಡ್ಯುಯಲ್‌ಶಾಕ್ ಎಂದೇ ಬಿಟ್ಟರೆ ಕಡ್ಡಿಗೆ ಗೇಮ್ ಓಗೊಡುವುದಿಲ್ಲ, ಅಥವಾ ಬಾಣದ ಬಟನ್ನಿನಂತೆ ಇದ್ದರೆ ಪೂರ್ತಿ ಇಲ್ಲದಿದ್ದರೆ ಇಲ್ಲ ಎಂಬ ತಿರುವೇ ಸಿಗುತ್ತದೆ. ಕಡ್ಡಿಯ ನಡುವಿನ ಸತ್ತ ಜಾಗವನ್ನು (ಅಲ್ಲಾಡಿಸಿದರೂ ಗೇಮ್ ಗಮನಿಸದ ಭಾಗ) ಚಿಕ್ಕದಾಗಿಡಿ. ಗೋಡೆಗೆ ಬಡಿಯುವುದು ಕಡಿಮೆಯಾದದ್ದು ಮೊದಲ ರೇಸಿನಲ್ಲೇ ಗೊತ್ತಾಗುತ್ತದೆ.

ಆಮೇಲೆ ತಡ. ಮುಂದಿನ ಚಿತ್ರವನ್ನು ಮೊದಲೇ ಲೆಕ್ಕ ಹಾಕಿ ತಡ ತಗ್ಗಿಸುವ ರನ್‌ಅಹೆಡ್ ಆಯ್ಕೆಯನ್ನು 1 ಚಿತ್ರಕ್ಕೆ ಇಡಿ, ಕಂಪ್ಯೂಟರ್ ತಾಳಿಕೊಂಡರೆ 2. ಕೊನೆಗೆ ಚಿತ್ರ. ಬಿಂದುಗಳನ್ನು ನಿಖರವಾಗಿ ಇಡುವ ಆಯ್ಕೆಯಾದ ಪಿಜಿಎಕ್ಸ್‌ಪಿ ಹಾಕಿದರೆ ನಡುಕವೂ ಬಾಗುವಿಕೆಯೂ ಹೋಗುತ್ತವೆ. ಅದನ್ನು ಹಾಕದೆ ರೆಸಲ್ಯೂಶನ್ ಮಾತ್ರ ಏರಿಸಿದರೆ ನಡುಕ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ, ಹೆಚ್ಚಿನವರು ಮಾಡುವ ತಪ್ಪು ಇದು. ಅಗಲ ಪರದೆಗೆ ಹಿಗ್ಗಿಸುವ ಆಯ್ಕೆ ಬೇಡ. ಗೇಮ್ ಬಿಡಿಸುವುದು 4:3 ಚೌಕಟ್ಟಿನೊಳಗಿನದನ್ನು, ಅದರಾಚೆ ಅಂಚುಗಳಲ್ಲಿ ಕಟ್ಟಡಗಳು ಇದ್ದಕ್ಕಿದ್ದಂತೆ ಮೂಡಿ ಮಾಯವಾಗುತ್ತವೆ. ಪ್ರೊಸೆಸರ್ ವೇಗ ಏರಿಸಿದರೆ ಸೆಕೆಂಡಿಗೆ 60 ಚಿತ್ರ ಬರುತ್ತದೆ ಎಂಬ ನಂಬಿಕೆಯೂ ಇದೆ. ಮೂಲ ಗೇಮಿನ ಲೆಕ್ಕವೇ 30ಕ್ಕೆ ಕಟ್ಟಿದ್ದು, ಹಾಗೆ ಬರುವುದಿಲ್ಲ.

60 ಚಿತ್ರ ಬೇಕಾದವರಿಗೆ ಮೂರನೆಯ ದಾರಿ. 2022ರಲ್ಲಿ ಇದರ ವಿಂಡೋಸ್ ಆವೃತ್ತಿಯ ಮೂಲ ಸಂಕೇತ (ಸೋರ್ಸ್ ಕೋಡ್) ಹೊರಬಂತು. ಅದನ್ನು ಹಿಡಿದು ಡೊಮಿನಿಕ್ ಶಬ್ಲೆವ್ಸ್ಕಿ ಎಂಬ ಪ್ರೋಗ್ರಾಮರ್ 2023ರಲ್ಲಿ ಇಡೀ ಗೇಮನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ವಿಂಡೋಸ್, ಲಿನಕ್ಸ್, ಮ್ಯಾಕ್‌ಗಳಲ್ಲೂ ಬ್ರೌಸರಿನಲ್ಲೂ ಓಡುತ್ತದೆ. ಲಿನಕ್ಸಿನಲ್ಲಾದರೆ ಸಿ ಕಂಪೈಲರ್, ಮೇಕ್, ಎಸ್‌ಡಿಎಲ್2, ಜಿಎಲ್‌ಇಡಬ್ಲ್ಯು ಎಂಬ ಉಪಕರಣಗಳನ್ನು ಹಾಕಿಕೊಂಡು, ಮೇಕ್ ಆದೇಶದಿಂದ ಗೇಮನ್ನು ಕಟ್ಟಿಕೊಳ್ಳಬೇಕು. ಆದರೆ ಅದರಲ್ಲಿ ಚಿತ್ರಗಳೂ ಟ್ರ್ಯಾಕುಗಳೂ ಇಲ್ಲ, ಅವು ನಿಮ್ಮ ಡಿಸ್ಕಿನಿಂದ ಬರಬೇಕು. ಇಲ್ಲಿ ಎಡವುವ ಜಾಗ ಎರಡು. ಅದು ನಿರೀಕ್ಷಿಸುವುದು ಅಮೆರಿಕದ ಪ್ಲೇಸ್ಟೇಷನ್ ಡಿಸ್ಕಿನ ಕಡತಗಳನ್ನು, ಜೊತೆಗೆ ಮೆನುವಿನ ಕೆಲವು ಆಕೃತಿಗಳು ಕಂಪ್ಯೂಟರ್ ಆವೃತ್ತಿಯಿಂದ ಬೇಕು. ಒಂದೇ ಡಿಸ್ಕ್ ಹಾಕಿದರೆ ಮೆನುವಿನಲ್ಲೇ ಕೈಕೊಡುತ್ತದೆ. ಇನ್ನೊಂದು, ಹಾಡುಗಳನ್ನು ಕ್ಯೂಒಎ ಎಂಬ ರೂಪಕ್ಕೆ ಬದಲಿಸಿ ಕೊಡಬೇಕು, ಎಂಪಿ3 ಹಾಕಿದರೆ ಮೌನವೇ. ಸೋನಿಯ ಅಧಿಕೃತ ಅನುಮತಿ ಇದಕ್ಕಿಲ್ಲ ಅನ್ನುವುದನ್ನೂ ತಿಳಿದೇ ಬಳಸಬೇಕು. ಮೂಲ ಗೇಮನ್ನು ಈಗಿನ ಯಂತ್ರಗಳಿಗೆ ಒಪ್ಪವಾಗಿ ಮತ್ತೆ ಹೊರತರುವ ಕೆಲಸವನ್ನು ಹಕ್ಕುದಾರರೇ ಮಾಡಬೇಕಿತ್ತು. ಲಿವರ್‌ಪೂಲ್‌ನ ಮೊದಲು ಸಿಗ್ನೋಸಿಸ್ ಆಗಿದ್ದ ಆ ಸ್ಟುಡಿಯೋವನ್ನು ಸೋನಿ 2012ರ ಆಗಸ್ಟಿನಲ್ಲಿ ಮುಚ್ಚಿತು.

ಸಭೆಯಿಂದ ಬಂದ ಒಂದು ಪ್ರಶ್ನೆಗೆ ಉತ್ತರ ಹೇಳಿ ಮುಗಿಸುತ್ತೇವೆ. ಮೊದಲ ಸಂಜೆ ಏನು ಆಡಬೇಕು? ಎದುರಾಳಿಗಳಿಲ್ಲದ ಟೈಮ್ ಟ್ರಯಲ್, ಅಲ್ಟಿಮಾ 7, ವೆನಮ್ ವರ್ಗ, ಫೈಸಾರ್ ನೌಕೆ. ಸಂಗೀತದ ಶಬ್ದ ಎಂಜಿನ್ ಶಬ್ದಕ್ಕಿಂತ ಒಂದು ಹೆಜ್ಜೆ ಮೇಲೆ. ಮೊದಲ ಐದು ಲ್ಯಾಪಿನಲ್ಲಿ ಸಮಯ ನೋಡಬೇಡಿ, ಗೋಡೆಗೆ ತಾಗಿದ್ದನ್ನು ಮಾತ್ರ ಎಣಿಸಿ, ಒಳಗೋಡೆ ಎಷ್ಟು, ಹೊರಗೋಡೆ ಎಷ್ಟು. ಹೊರಗೋಡೆಯ ಲೆಕ್ಕ ಹೆಚ್ಚಿದ್ದರೆ ಟಿವಿಯ ಗೇಮ್ ಮೋಡ್ ಇನ್ನೊಮ್ಮೆ ನೋಡಿ, ಆಮೇಲೆ ಏರ್‌ಬ್ರೇಕನ್ನು ಒಂದು ಗಳಿಗೆ ಮೊದಲೇ ಒತ್ತಿ. ಎರಡೂ ಸೊನ್ನೆಯಾದ ಲ್ಯಾಪ್ ಒಂದು ಬಂದ ಮೇಲೆ ಕೈರೆಕ್ಸ್ ತೆಗೆದುಕೊಳ್ಳಿ.